ತಾರೀಖಿಲ್ಲದ ನೌಕಾ ಮುದ್ರೆ: ಹಳೇ ಲಕೋಟೆಯ ಮೇಲಿರುವುದು ಯಾವುದು ಎಂದು ತೀರ್ಮಾನಿಸುವುದು ಹೇಗೆ?

ಮೂರು ವರ್ಷದ ಹಿಂದೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹಳೇ ಸಾಮಾನಿನ ಅಂಗಡಿಯೊಂದರಿಂದ ಒಂದು ಕಟ್ಟು ಕಾಗದ ಕೊಂಡೆ. ಕಂಟೋನ್ಮೆಂಟ್ ಕಡೆ ಯಾವುದೋ ಮನೆ ಕೆಡವುವಾಗ ಟ್ರಂಕಿನಲ್ಲಿ ಸಿಕ್ಕಿದ್ದಂತೆ. "ಎಲ್ಲಾ ನೇವಿ ಟಪಾಲು ಸಾರ್, ಯುದ್ಧದ ಕಾಲದ್ದು" ಅಂದರು ಅಂಗಡಿಯವರು. ಮನೆಗೆ ತಂದು ದೀಪದ ಕೆಳಗೆ ಹರವಿದೆ. ಹನ್ನೊಂದು ಲಕೋಟೆಗಳಲ್ಲಿ ನಾಲ್ಕರ ಮೇಲೆ ಊರಿನ ಹೆಸರೂ ಇಲ್ಲದ, ತಾರೀಖೂ ಇಲ್ಲದ ಮುದ್ರೆಗಳಿದ್ದವು. ಆ ನಾಲ್ಕರಲ್ಲಿ ಯುದ್ಧಕಾಲದ ನೌಕಾ ಅಂಚೆಮುದ್ರೆ ಅಂತ ಧೈರ್ಯವಾಗಿ ಹೇಳಬಹುದಾದದ್ದು ಒಂದೇ ಒಂದು. ಉಳಿದ ಮೂರು ಬೇರೆ ಬೇರೆ ಜಾತಿಯವು. ಅದನ್ನು ಬೇರ್ಪಡಿಸುವುದಕ್ಕೆ ನನಗೆ ಹಿಡಿದ ಸಮಯ ನಿಮಗೆ ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸಮುದ್ರವೇ ಕಾಣದ ನಮ್ಮ ಕಡೆ ನೌಕಾ ಟಪಾಲು ಎಲ್ಲಿಂದ ಬಂತು ಎಂದು ಹಲವರು ಕೇಳುತ್ತಾರೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು, ದಂಡು ಇದ್ದ ಊರು. ದಂಡಿನ ಮನೆಗಳಿಗೆ ಹಡಗಿನಲ್ಲಿದ್ದ ಅಣ್ಣತಮ್ಮಂದಿರ ಕಾಗದ ಬರುವುದು ಸಹಜ. ಮುಂಬಯಿ ಕಡೆಯ ಜಿ.ಐ.ಪಿ. (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲುದಾರಿ, ಮದ್ರಾಸ್ ರೈಲುದಾರಿ ಎರಡೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಮುಂಬಯಿ ಬಂದರಿನಲ್ಲಿ ಇಳಿದು ದಕ್ಷಿಣಕ್ಕೆ ಹೊರಟ ಟಪಾಲಿಗೆ ಅದು ಹೆದ್ದಾರಿ. ಹಾಗಾಗಿ ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳ ಹಳೇ ಟ್ರಂಕುಗಳಲ್ಲಿ ಇಂಥವು ಸಿಗುತ್ತವೆ, ಇನ್ನೂ ಸಿಗುತ್ತವೆ.

ತಾರೀಖು ಯಾಕಿಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಅದು ಅಂಚೆಯವರ ಮರೆವಲ್ಲ. ಯುದ್ಧಕಾಲದಲ್ಲಿ ಯಾವ ಹಡಗು ಯಾವ ದಿನ ಯಾವ ಬಂದರಿನಲ್ಲಿತ್ತು ಎಂಬುದು ಶತ್ರುವಿಗೆ ಸಿಕ್ಕರೆ ನೂರಾರು ಜೀವ ಹೋಗುತ್ತದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಎಮ್ಡೆನ್ ಎಂಬ ಒಂದೇ ಒಂದು ಜರ್ಮನ್ ಹಡಗು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾಕಿ ಹೋಯಿತು. ಸಮುದ್ರದಲ್ಲಿ ಯಾರು ಎಲ್ಲಿದ್ದಾರೆ ಎಂಬುದಕ್ಕೆ ಎಷ್ಟು ಬೆಲೆ ಎಂದು ಅದರಿಂದ ತಿಳಿಯುತ್ತದೆ. ಊರು, ತಾರೀಖು, ಹಡಗಿನ ಹೆಸರು ಮೂರನ್ನೂ ಬೇಕೆಂದೇ ಅಳಿಸಿದ ಮುದ್ರೆಯನ್ನು ಎಷ್ಟು ಹೊತ್ತು ಭೂತಗನ್ನಡಿಯಲ್ಲಿ ದಿಟ್ಟಿಸಿದರೂ ಅದು ಬಾಯಿ ಬಿಡುವುದಿಲ್ಲ. ಬಾಯಿ ಬಿಡುವುದು ಲಕೋಟೆಯ ಉಳಿದ ಭಾಗ. ನನ್ನ ಅನುಭವದಲ್ಲಿ ಮುದ್ರೆಯಿಂದ ಶುರು ಮಾಡಿದವರು ದಾರಿ ತಪ್ಪುತ್ತಾರೆ, ಲಕೋಟೆಯ ಬೆನ್ನಿನಿಂದ ಶುರು ಮಾಡಿದವರು ದಾರಿ ಹಿಡಿಯುತ್ತಾರೆ.

ರಿಸೀವ್ಡ್ ಫ್ರಮ್ ಎಚ್.ಎಂ. ಶಿಪ್ಸ್, ಇಲ್ಲವೇ ಮ್ಯಾರಿಟೈಮ್ ಮೇಲ್

ಬ್ರಿಟಿಷ್ ನೌಕಾಪಡೆಯ ಟಪಾಲಿನಲ್ಲಿ ಹೆಚ್ಚಾಗಿ ಕಾಣುವ ಎರಡು ತಾರೀಖಿಲ್ಲದ ಮುದ್ರೆಗಳು ಇವು. ಎರಡರ ನಡುವೆ ಆರಿಸುವುದು ಸುಲಭ, ಅಕ್ಷರ ಓದಿದರೆ ಸಾಕು. ಕಷ್ಟವಿರುವುದು ಓದಿದ್ದರಿಂದ ಏನು ಹೇಳಬಹುದು ಎಂಬಲ್ಲಿ.

"ರಿಸೀವ್ಡ್ ಫ್ರಮ್ ಎಚ್.ಎಂ. ಶಿಪ್ಸ್" ಎಂದರೆ ಅರಸರ ಹಡಗುಗಳಿಂದ ಬಂದದ್ದು ಎಂದಷ್ಟೇ. ಇದು ಎರಡೂ ಮಹಾಯುದ್ಧಗಳ ಕಾಗದಗಳ ಮೇಲೆ ಕಾಣುತ್ತದೆ, ವಿನ್ಯಾಸವೂ ಒಂದೇ ಅಲ್ಲ. ಆದ್ದರಿಂದ ಈ ಮಾತು ಕಂಡ ತಕ್ಷಣ "1914–18" ಎಂದು ಬರೆದುಬಿಡುವುದು ತಪ್ಪು. ಅಂಚೆಚೀಟಿಯ ಮೇಲೆ ಮೊದಲ ಯುದ್ಧದ ಕಾಲದ ಅರಸ ಐದನೇ ಜಾರ್ಜ್ ಇದ್ದಾನೋ ಎರಡನೇ ಯುದ್ಧದ ಕಾಲದ ಆರನೇ ಜಾರ್ಜ್ ಇದ್ದಾನೋ ನೋಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

"ಪೋಸ್ಟ್ ಆಫೀಸ್ ಮ್ಯಾರಿಟೈಮ್ ಮೇಲ್" ಎಂಬುದು ಎರಡನೇ ಮಹಾಯುದ್ಧದ ಕೂಸು. ಸಾಮಾನ್ಯವಾಗಿ ಅಲೆಅಲೆಯಾದ ಗೆರೆಗಳ ಜೊತೆ ಯಂತ್ರದಲ್ಲಿ ಒತ್ತಿರುತ್ತಾರೆ. ಇದು ಕಂಡರೆ ಮೊದಲ ಯುದ್ಧ ಅಲ್ಲ ಎಂದು ನಿಶ್ಚಿಂತೆಯಿಂದ ಹೇಳಬಹುದು. ಆದರೆ ಯುದ್ಧ ಮುಗಿದ ಮೇಲೂ ಇದು ಬಳಕೆಯಲ್ಲಿತ್ತು. ಮಾರುವವರು ಮರೆಮಾಚುವುದು ಇದನ್ನೇ. 1950ರ ದಶಕದ ಶಾಂತಿಕಾಲದ ಕಾಗದವನ್ನು "ಯುದ್ಧಕಾಲದ ಅಪರೂಪದ ಕವರ್" ಎಂದು ಹತ್ತು ಪಟ್ಟು ಬೆಲೆಗೆ ಮಾರಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಸೆನ್ಸಾರ್ ಗುರುತು (ಅಧಿಕಾರಿಗಳು ಕಾಗದ ಓದಿ ಬಿಟ್ಟರೆಂಬ ಗುರುತು) ಒಂದೂ ಇಲ್ಲದ ಮ್ಯಾರಿಟೈಮ್ ಮೇಲ್ ಲಕೋಟೆಗೆ ಯುದ್ಧದ ಬೆಲೆ ಕೊಡಬೇಡಿ.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಆಳವಾಗಿ ಬೇರೂರಿದೆ. ಈ ಎರಡೂ ಮುದ್ರೆಗಳನ್ನು ಹಡಗಿನ ಮೇಲೆ ಹಾಕಿದ್ದಲ್ಲ. ಹಡಗಿನಿಂದ ಚೀಲದಲ್ಲಿ ಬಂದ ಕಾಗದಗಳಿಗೆ ದಡದ ಅಂಚೆಮನೆಯಲ್ಲಿ ಹಾಕಿದ್ದು. ಹಾಗಾಗಿ ಮುದ್ರೆಯ ಆಕಾರದಿಂದ ಹಡಗು ಯಾವುದೆಂದು ಹೇಳುತ್ತೇನೆ ಎನ್ನುವವರ ಮಾತು ನಂಬಬೇಡಿ. ಹಡಗಿನ ಹೆಸರು ಸಿಕ್ಕಿದರೆ ಒಳಗಿನ ಕಾಗದದಲ್ಲಿ, ಇಲ್ಲವೇ ಕಳಿಸಿದವರ ವಿಳಾಸದಲ್ಲಿ. ಅಲ್ಲೂ ಬಹಳ ಸಲ "ಜಿ.ಪಿ.ಓ. ಲಂಡನ್ ಮುಖಾಂತರ" ಎಂದು ಲಂಡನ್ನಿನ ಮುಖ್ಯ ಅಂಚೆಮನೆಯ ಹೆಸರಷ್ಟೇ ಇರುತ್ತದೆ.

ಪ್ಯಾಕೆಬೋ ಮುದ್ರೆಯ ಗೊಂದಲ

ನನ್ನ ನಾಲ್ಕರಲ್ಲಿ ಎರಡನೆಯದು ಇದು. ಚೀಟಿ ಬ್ರಿಟಿಷರದು, ಪಕ್ಕದಲ್ಲಿ ತಾರೀಖಿಲ್ಲದ ಉದ್ದನೆಯ "ಪ್ಯಾಕೆಬೋ" ಎಂಬ ಮುದ್ರೆ. ಹಡಗು ಎಂಬ ಅರ್ಥದ ಫ್ರೆಂಚ್ ಮಾತು ನೋಡಿ ನೌಕಾಪಡೆ ಎಂದುಕೊಂಡುಬಿಡುತ್ತಾರೆ. ಇದಕ್ಕೂ ನೌಕಾಪಡೆಗೂ ಸಂಬಂಧವಿಲ್ಲ. ನಡುಸಮುದ್ರದಲ್ಲಿ ಪ್ರಯಾಣಿಕರ ಹಡಗಿನ ಡಬ್ಬಿಗೆ ಹಾಕಿದ ಕಾಗದ ಇದು. ಹಡಗಿನ ಬಾವುಟ ಯಾವ ದೇಶದ್ದೋ ಆ ದೇಶದ ಚೀಟಿ ಅಂಟಿಸಬಹುದು, ಮುಂದಿನ ಬಂದರಿನ ಅಂಚೆಮನೆ ಅದನ್ನು ಒಪ್ಪಿಕೊಂಡು ಠಸ್ಸೆ ಹೊಡೆಯುತ್ತದೆ. ಪರದೇಶದ ಚೀಟಿ ಇಲ್ಲಿ ಹೇಗೆ ಬಂತು ಎಂದು ಯಾರೂ ದಂಡ ಹಾಕಬಾರದೆಂದು ಈ ಮುದ್ರೆ. ಅಂತಾರಾಷ್ಟ್ರೀಯ ಅಂಚೆ ಒಕ್ಕೂಟದ ನಿಯಮಗಳಿಂದ 1890ರ ದಶಕದಲ್ಲಿ ಶುರುವಾಯಿತು.

ಎರಡನ್ನೂ ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಪಕ್ಕದಲ್ಲಿ ಬಂದರಿನ ಹೆಸರು, ತಾರೀಖು ಇರುವ ಇನ್ನೊಂದು ಠಸ್ಸೆ ಇದೆಯೇ? ಪ್ಯಾಕೆಬೋ ಆದರೆ ಸಾಮಾನ್ಯವಾಗಿ ಇರುತ್ತದೆ. ಏಡನ್ ಎಂದೋ ಬಾಂಬೆ ಎಂದೋ ಚೀಟಿಯ ಮೇಲೆಯೇ ಬಿದ್ದಿರುತ್ತದೆ. ಮುಚ್ಚಿಡುವ ಉದ್ದೇಶವೇ ಅಲ್ಲಿಲ್ಲ. ನೌಕಾ ಮುದ್ರೆಯಾದರೆ ಹೊರಡುವ ಕಡೆ ಬಾಯಿ ಮುಚ್ಚಿರುತ್ತದೆ. ಪ್ಯಾಕೆಬೋ ಲಕೋಟೆಗಳೂ ಚೆಲುವಾದವು, ನಾನು ಬಿಸಾಡಲಿಲ್ಲ. ಆಲ್ಬಮ್ಮಿನ ಬೇರೆ ಹಾಳೆಗೆ ಹೋಯಿತು ಅಷ್ಟೇ.

ಮೂಕ ಮುದ್ರೆಗಳು

ಅಕ್ಷರವೇ ಇಲ್ಲದೆ ಬರೀ ಅಡ್ಡಗೆರೆ, ಒಂದರೊಳಗೊಂದು ವರ್ತುಲ, ಚುಕ್ಕೆಗಳಿಂದ ಚೀಟಿಯನ್ನು ಹೊಡೆದ ಗುರುತುಗಳಿವೆ. ಸಂಗ್ರಾಹಕರು ಡಂಬ್ ಕ್ಯಾನ್ಸಲ್ ಎನ್ನುತ್ತಾರೆ, ನಾನು ಮೂಕ ಮುದ್ರೆ ಎನ್ನುತ್ತೇನೆ. ನೌಕಾಪಡೆಯ ನೆಲೆಗಳ ಟಪಾಲಿಗೆ ಇಂಥವನ್ನು ಯುದ್ಧಕಾಲದಲ್ಲಿ ಬಳಸಿದ್ದು ನಿಜ. ಆದರೆ ಗೆರೆ ಕಂಡದ್ದೆಲ್ಲ ನೌಕಾ ಮುದ್ರೆಯಲ್ಲ. ರಾಣಿ ವಿಕ್ಟೋರಿಯಾ ಕಾಲದ ನಮ್ಮ ಅಂಚೆಮನೆಗಳಲ್ಲೇ ಗೆರೆಗಳ ನಡುವೆ ಅಂಕಿಯೋ ಅಕ್ಷರವೋ ಇರುವ ಮುದ್ರೆಗಳಿದ್ದವು, ಪಾರ್ಸಲ್ಲು ಪತ್ರಿಕೆಗಳಿಗೆ ಉರುಳೆಯಿಂದ ಒತ್ತುವ ಗೆರೆಮುದ್ರೆಯೂ ಇತ್ತು. ನಡುವೆ ಅಂಕಿ ಇದ್ದರೆ ಅದು ಅಂಚೆಮನೆಯ ಗುರುತು, ಮೂಕವಲ್ಲ.

ಬಿಡಿ ಚೀಟಿಯ ಮೇಲೆ ಮೂಕ ಮುದ್ರೆ ಇದ್ದರೆ ನಾನು ಕೊಳ್ಳುವುದೇ ಇಲ್ಲ. ಲಕೋಟೆ ಇಲ್ಲದೆ ಅದನ್ನು ನೌಕಾ ಮುದ್ರೆ ಎಂದು ಸಾಧಿಸಲು ಸಾಧ್ಯವೇ ಇಲ್ಲ. ಈ ಮಾತು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ: ನಮ್ಮ ಕಡೆ ಇವತ್ತಿಗೂ ಹಳೇ ಲಕೋಟೆ ಸಿಕ್ಕಿದರೆ ಚೀಟಿಯ ಮೂಲೆ ಕತ್ತರಿಸಿ, ನೀರಲ್ಲಿ ನೆನೆಸಿ, ಉಳಿದದ್ದನ್ನು ಒಲೆಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಮೂಲೆಯ ಬೆಲೆ ಹತ್ತು ರೂಪಾಯಿ, ಇಡೀ ಲಕೋಟೆಯ ಬೆಲೆ ಒಂದು ಚರಿತ್ರೆ.

ಸೆನ್ಸಾರ್ ಮುದ್ರೆ ಯಾರದು?

ಅತಿ ಹೆಚ್ಚು ತಪ್ಪಾಗುವುದು ಇಲ್ಲಿ, ಅದರಲ್ಲೂ ಬಳ್ಳಾರಿಯಲ್ಲಿ. ಮೊದಲ ಮಹಾಯುದ್ಧದಲ್ಲಿ ಇಲ್ಲಿ ತುರ್ಕಿ ಯುದ್ಧಕೈದಿಗಳ ಶಿಬಿರವಿತ್ತು. ಆ ಶಿಬಿರಕ್ಕೆ ಬಂದ, ಅಲ್ಲಿಂದ ಹೋದ ಕಾಗದಗಳ ಮೇಲೂ ಸೆನ್ಸಾರ್ ಮುದ್ರೆ ಇರುತ್ತದೆ. ನನ್ನ ಮೂರನೇ ಲಕೋಟೆ ಅಂಥದೇ. ಚೀಟಿ ಇಲ್ಲ, ತಾರೀಖಿಲ್ಲ, "ಸೆನ್ಸಾರ್" ಎಂಬ ಮಾತಿದೆ, ಹಾಗಾಗಿ ನೇವಿ ಎಂದು ಅಂಗಡಿಯವರು ತೀರ್ಮಾನಿಸಿದ್ದರು. 1907ರ ಹೇಗ್ ಒಪ್ಪಂದದಂತೆ ಯುದ್ಧಕೈದಿಗಳ ಟಪಾಲಿಗೆ ಅಂಚೆ ವೆಚ್ಚವಿಲ್ಲ, ಆದ್ದರಿಂದ ಚೀಟಿ ಇಲ್ಲದಿರುವುದೇ ಒಂದು ಸುಳಿವು. ಮೂಲೆಯಲ್ಲಿ ಯುದ್ಧಕೈದಿ ಎಂಬ ಮಾತು ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ಇದ್ದರೆ ಮತ್ತೆ ಅನುಮಾನ ಬೇಡ. ಹಾಗೆ ನೋಡಿದರೆ ನಮ್ಮ ಊರಿನವರಿಗೆ ಆ ಲಕೋಟೆ ನೌಕಾ ಲಕೋಟೆಗಿಂತ ದೊಡ್ಡ ಆಸ್ತಿ.

ಸೈನ್ಯದ್ದೋ ನೌಕಾಪಡೆಯದ್ದೋ ಎಂದು ಆರಿಸುವಾಗ ಅಂಕಿಯನ್ನು ಹುಡುಕಿ. ಭೂಸೇನೆಯ ಸೆನ್ಸಾರ್ ಮುದ್ರೆಗಳಲ್ಲಿ ಸಾಮಾನ್ಯವಾಗಿ ಒಂದು ಸಂಖ್ಯೆ ಇರುತ್ತದೆ. ಆಕಾರ ವೃತ್ತ, ತ್ರಿಕೋನ, ಎಂಟು ಮೂಲೆ, ಕಿರೀಟವಿರುವ ಗುರಾಣಿ ಹೀಗೆ ಕಾಲಕಾಲಕ್ಕೆ ಬದಲಾಗುತ್ತಿತ್ತು. ನೌಕಾಪಡೆಯಲ್ಲಿ ಮೊದಲ ಯುದ್ಧದ ಹೊತ್ತಿಗೆ ಹಡಗು ಹಡಗಿಗೂ ತನ್ನದೇ ಮುದ್ರೆ, ಒಂದು ಇನ್ನೊಂದರ ಹಾಗಿಲ್ಲ, ಪಕ್ಕದಲ್ಲಿ ಕಾಗದ ಓದಿದ ಅಧಿಕಾರಿಯ ಚಿಕ್ಕ ಸಹಿ. ಎರಡನೇ ಯುದ್ಧದಲ್ಲಿ ಮೇಲ್ಭಾಗ ಕಮಾನಿನ ಹಾಗೆ ಬಾಗಿದ ಚೌಕಟ್ಟಿನ ಮುದ್ರೆ ಹೆಚ್ಚು. ಗೋರಿಕಲ್ಲಿನ ಆಕಾರವೆಂದು ಸಂಗ್ರಾಹಕರು ಅದನ್ನು ಟೂಂಬ್‌ಸ್ಟೋನ್ ಎಂದೇ ಕರೆಯುತ್ತಾರೆ. ಅದು ಮ್ಯಾರಿಟೈಮ್ ಮೇಲ್ ಜೊತೆಗೆ ಒಂದೇ ಲಕೋಟೆಯಲ್ಲಿ ಕೂತಿದ್ದರೆ ಯುದ್ಧಕಾಲದ ನೌಕಾ ಟಪಾಲು ಎಂದು ಕಣ್ಣು ಮುಚ್ಚಿ ಬರೆಯಿರಿ.

ಲಕೋಟೆಯ ಅಂಚು ಕತ್ತರಿಸಿ ಮತ್ತೆ ಪಟ್ಟಿ ಅಂಟಿಸಿದ್ದರೆ ಅದು ಸಾಮಾನ್ಯವಾಗಿ ದಡದ ಮೇಲಿನ ನಾಗರಿಕ ಸೆನ್ಸಾರ್‌ನ ಕೆಲಸ. ಹಡಗಿನ ಸೆನ್ಸಾರ್ ಆದ ಮೇಲೂ ಅದು ಆಗಿರಬಹುದು, ಒಂದಿದ್ದರೆ ಇನ್ನೊಂದಿಲ್ಲ ಎಂದೇನೂ ಇಲ್ಲ.

ಹಡಗಿನ ಸೀಲು ಅಂಚೆಮುದ್ರೆಯಲ್ಲ

ನಾಲ್ಕನೆಯದು ಕಂದು ಬಣ್ಣದ ಸರ್ಕಾರಿ ಲಕೋಟೆ. ದುಂಡನೆಯ ನೇರಳೆ ಸೀಲಿನಲ್ಲಿ ಐ.ಎನ್.ಎಸ್. ಎಂದು ಶುರುವಾಗುವ ಹೆಸರು, ತಾರೀಖಿಲ್ಲ. ಇದು ಕಳಿಸಿದ ಕಚೇರಿಯ ರಬ್ಬರ್ ಸ್ಟಾಂಪು, ನಮ್ಮ ತಹಶೀಲ್ದಾರ್ ಕಚೇರಿಯ ಸೀಲು ಇದ್ದ ಹಾಗೆ. ಅಂಚೆಗೂ ಅದಕ್ಕೂ ಸಂಬಂಧವಿಲ್ಲ. ವಿಳಾಸದಲ್ಲಿ 583101 ಎಂದು ಬಳ್ಳಾರಿಯ ಪಿನ್ ಇತ್ತು. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಯುದ್ಧದ ಕಾಲ ಅಲ್ಲಿಗೆ ಮುಗಿಯಿತು.

ಸೀಲು ಅಂಚೆಮುದ್ರೆ ಅಲ್ಲದಿದ್ದರೂ ಹಡಗಿನ ಹೆಸರಿನ ಹಿಂದಿರುವ ಅಕ್ಷರಗಳು ಕಾಲ ಹೇಳುವುದರಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕ. ಆರ್.ಐ.ಎಂ.ಎಸ್. ಎಂದಿದ್ದರೆ ರಾಯಲ್ ಇಂಡಿಯನ್ ಮರೀನ್ ಕಾಲದ್ದು, ಅಂದರೆ 1934ಕ್ಕೂ ಹಿಂದೆ. 1934ರ ಅಕ್ಟೋಬರ್ 2ರಂದು ಅದೇ ಪಡೆ ರಾಯಲ್ ಇಂಡಿಯನ್ ನೇವಿ ಆಯಿತು, ಹಡಗುಗಳು ಎಚ್.ಎಂ.ಐ.ಎಸ್. (ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್) ಆದವು. 1946ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಾವಿಕರು ದಂಗೆ ಎದ್ದ ತಲ್ವಾರ್ ಕೂಡ ಎಚ್.ಎಂ.ಐ.ಎಸ್. ಸ್ವಾತಂತ್ರ್ಯ ಬಂದ ದಿನವೇ ಐ.ಎನ್.ಎಸ್. ಆಗಿಬಿಟ್ಟಿತು ಎಂದು ತಿಳಿಯಬೇಡಿ, ಆದದ್ದು 1950ರ ಜನವರಿ 26ಕ್ಕೆ. ವಿಳಾಸದಲ್ಲಿ ಫ್ಲೀಟ್ ಮೇಲ್ ಆಫೀಸ್ ಎಂದಿದ್ದರೆ ನೌಕಾಪಡೆ, 56 ಎ.ಪಿ.ಓ. (ಆರ್ಮಿ ಪೋಸ್ಟ್ ಆಫೀಸ್) ಅಥವಾ 99 ಎ.ಪಿ.ಓ. ಎಂದಿದ್ದರೆ ಸಾಮಾನ್ಯವಾಗಿ ಭೂಸೇನೆ.

ರಾಯಚೂರು, ಕೊಪ್ಪಳದವರಿಗೆ ಒಂದು ಮಾತು

ನಿಮ್ಮ ಕಡೆಯ ಲಕೋಟೆಯಲ್ಲಿ "ತಾರೀಖಿಲ್ಲದ" ಮುದ್ರೆ ಕಂಡರೆ ಒಮ್ಮೆ ಉರ್ದು ಬಲ್ಲ ಹಿರಿಯರಿಗೆ ತೋರಿಸಿ. ಹೈದರಾಬಾದಿನ ನಿಜಾಮರ ಟಪಾಲಿನ ಠಸ್ಸೆಗಳಲ್ಲಿ ಉರ್ದು ಅಕ್ಷರ, ಉರ್ದು ಅಂಕಿ ಇರುತ್ತಿತ್ತು. ಓದಲು ಬಾರದವರಿಗೆ ಅದು ಬರೀ ಗೀಚು. ಅಲ್ಲಿ ನಿಜಾಮರ ಸರ್ಕಾರಿ ಲೆಕ್ಕದ ಫಸಲಿ ವರ್ಷವಿದ್ದರೆ 590 ಕೂಡಿಸಿ, ಹತ್ತಿರದ ಇಸವಿ ಸಿಗುತ್ತದೆ: ಫಸಲಿ 1357 ಎಂದರೆ 1947–48. ರಾಯಚೂರಿನ ಗೆಳೆಯರೊಬ್ಬರು ನೌಕಾ ಮುದ್ರೆಯೆಂದು ಎರಡು ವರ್ಷ ಜೋಪಾನ ಮಾಡಿದ್ದ ಕಾಗದ ಹೀಗೆಯೇ ಕೊಪ್ಪಳದ ಅಂಚೆಮನೆಯದ್ದಾಗಿ ಹೊರಬಿತ್ತು.

ನಿಜಾಮರ ಚೀಟಿ ಅವರ ರಾಜ್ಯದೊಳಗೆ ಮಾತ್ರ ನಡೆಯುತ್ತಿತ್ತು. ಹೊರಗಿನ ಟಪಾಲಿಗೆ ಬ್ರಿಟಿಷ್ ಇಂಡಿಯಾದ ಅಂಚೆಯೇ ಗತಿ. ಹೀಗಿರುವಾಗ ನಿಜಾಮರ ಚೀಟಿಯ ಮೇಲೆ ಮ್ಯಾರಿಟೈಮ್ ಮೇಲ್ ಮುದ್ರೆ ಬಿದ್ದಿದೆ ಎಂದು ಯಾರಾದರೂ ತೋರಿಸಿದರೆ ಕೈ ಮುಗಿದು ಎದ್ದು ಬನ್ನಿ.

ಕಾಲ ಹೇಳುವುದು ಯಾವುದನ್ನು ನಂಬಿ?

ಸಾಕ್ಷಿಗಳಲ್ಲಿ ನಾನು ಮೊದಲು ನಂಬುವುದು ಹಿಂಬದಿಯ ವಿತರಣಾ ಠಸ್ಸೆಯನ್ನು. ಹೊರಟ ಕಡೆ ಎಷ್ಟೇ ಮುಚ್ಚಿಟ್ಟಿರಲಿ, ತಲುಪಿದ ಕಡೆ ನಮ್ಮ ಬಳ್ಳಾರಿ ಅಂಚೆಯವರು ತಮ್ಮ ಪಾಡಿಗೆ ತಾವು ಹೆಸರು ತಾರೀಖಿನ ಸಮೇತ ಹೊಡೆದಿರುತ್ತಾರೆ. ಮಸುಕಾಗಿರುತ್ತದೆ, ಅರ್ಧ ಬಿದ್ದಿರುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ಬೆಳಕಿನ ಅಂತರ ಹೆಚ್ಚಿಸಿ ನೋಡಿ, ಬರಿಗಣ್ಣಿಗೆ ಕಾಣದ್ದು ಎದ್ದು ಬರುತ್ತದೆ. ಲಕೋಟೆಯನ್ನು ಓರೆಯಾಗಿ ಹಿಡಿದು ಪಕ್ಕದಿಂದ ಟಾರ್ಚ್ ಬಿಟ್ಟರೆ ಒತ್ತಿನ ತಗ್ಗೂ ಕಾಣುತ್ತದೆ.

ಎರಡನೆಯದು ಚೀಟಿ. ವಿತರಣಾ ಠಸ್ಸೆ ಇದಕ್ಕಿಂತ ಆಮೇಲಿನದಲ್ಲ ಎಂದು ಹೇಳಿದರೆ ಚೀಟಿ ಇದಕ್ಕಿಂತ ಮೊದಲಿನದಲ್ಲ ಎಂದು ಹೇಳುತ್ತದೆ. ಬ್ರಿಟನ್ನಿನ ಆರನೇ ಜಾರ್ಜನ ಚೀಟಿಗಳು 1937ರಲ್ಲಿ ಗಾಢ ಬಣ್ಣದಲ್ಲಿ ಬಂದವು. ಯುದ್ಧಕಾಲದ ಬಣ್ಣದ ಉಳಿತಾಯಕ್ಕೆ 1941–42ರಲ್ಲಿ ಅವೇ ಚೀಟಿಗಳು ತಿಳಿಬಣ್ಣಕ್ಕೆ ತಿರುಗಿದವು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಮಾತ್ರ ವ್ಯತ್ಯಾಸ ತಿಳಿಯುವುದು, ಒಂದನ್ನೇ ನೋಡಿ ಹೇಳಲು ಹೋಗಬೇಡಿ. ಬಿಸಿಲಿಗೆ ಮಾಸಿದ ಗಾಢ ಚೀಟಿಯೂ ತಿಳಿಯಾಗಿ ಕಾಣುತ್ತದೆ, ನಮ್ಮ ಬಿಸಿಲು ಗೊತ್ತಲ್ಲ. ಭಾರತದ ವಿಜಯೋತ್ಸವದ ಚೀಟಿ ಇದ್ದರೆ 1946ರ ಜನವರಿಯಿಂದ ಈಚಿನದು. 5 ಪೈಸೆಯ ನಿರಾಶ್ರಿತರ ಪರಿಹಾರದ ಚೀಟಿ ಇದ್ದರೆ 1971ರ ನವೆಂಬರ್ 15ರಿಂದ 1973ರ ಮಾರ್ಚ್ ಕೊನೆಯ ನಡುವೆ ಎಂದು ಹೆಚ್ಚುಕಡಿಮೆ ಬೆರಳಿಟ್ಟು ತೋರಿಸಬಹುದು.

ವಿಳಾಸ ಮೂರನೆಯದು, ಅದನ್ನು ಆಗಲೇ ಹೇಳಿದೆ. ಮನೆಯವರು ಹೇಳುವ ಕಥೆಯನ್ನು ಕೊನೆಗಿಡುತ್ತೇನೆ. "ನಮ್ಮ ಅಜ್ಜ ಎರಡನೇ ಯುದ್ಧದಲ್ಲಿ ಇದ್ದರು" ಎಂಬುದು ನಿಜವಿರಬಹುದು. ಆ ಅಜ್ಜ ಯುದ್ಧ ಮುಗಿದ ಮೇಲೂ ಹತ್ತು ವರ್ಷ ಕಾಗದ ಬರೆದಿರಬಹುದು. ಆದರೂ ಕಥೆಯನ್ನು ಕೇಳಿ, ಬರೆದಿಟ್ಟುಕೊಳ್ಳಿ, ಯಾರು ಹೇಳಿದರೆಂದು ಗುರುತು ಹಾಕಿ. ಹೇಳುವವರು ಹೋದ ಮೇಲೆ ಅದು ಸಿಗುವುದಿಲ್ಲ.

ನಕಲಿಯ ಬಗ್ಗೆ ಎಚ್ಚರ ಇರಲಿ. ತಾರೀಖು, ಊರು ಇಲ್ಲದ ಮುದ್ರೆಯನ್ನು ನಕಲು ಮಾಡುವುದು ಸುಲಭ, ರಬ್ಬರ್ ಸ್ಟಾಂಪ್ ಮಾಡುವವರು ಒಂದು ಗಂಟೆಯಲ್ಲಿ ಮಾಡಿಕೊಡುತ್ತಾರೆ. ಮಸಿ ಚೀಟಿಯಿಂದ ಲಕೋಟೆಗೆ ತುಂಡಾಗದೆ ಹರಿದಿದೆಯೇ, ಕಾಗದದ ಎಳೆಯೊಳಗೆ ಇಳಿದಿದೆಯೇ, ಮಡಿಕೆಯ ಬಿರುಕಿನೊಳಕ್ಕೂ ಹೋಗಿದೆಯೇ ನೋಡಿ. ಅಸಲಿಯಾದರೆ ಮಡಿಕೆ ಆಮೇಲೆ ಆದದ್ದು, ಮಸಿ ಮೊದಲು ಬಿದ್ದದ್ದು. ಬಿರುಕಿನ ಒಳಗೂ ಮಸಿ ಇದ್ದರೆ ಮುದ್ರೆ ತೀರಾ ಈಚಿನದು. ನೋಟು ಪರೀಕ್ಷಿಸುವ ನೀಲಿ ಬೆಳಕಿನ ಟಾರ್ಚನ್ನು ಕತ್ತಲಲ್ಲಿ ಬಿಡಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು 1950ರ ಸುಮಾರಿಗೆ. ಎರಡನೇ ಯುದ್ಧದ ಲಕೋಟೆ ಎಂಬುದು ನೀಲಿಯಾಗಿ ಝಗ್ಗನೆ ಹೊಳೆದರೆ ಅನುಮಾನಿಸಿ. ನನ್ನ ಕಟ್ಟಿನಲ್ಲಿ ಕಂದು ಸರ್ಕಾರಿ ಲಕೋಟೆ ಬಿಟ್ಟರೆ ಉಳಿದವು ಮಂಕಾಗಿಯೇ ಉಳಿದವು.

ಇನ್ನು ನನ್ನ ಮೊದಲ ಲಕೋಟೆ. ಎರಡೂವರೆ ಪೆನ್ನಿಯ ನೀಲಿ ಚೀಟಿ, ಪಕ್ಕದಲ್ಲಿಟ್ಟು ನೋಡಿದಾಗ ತಿಳಿನೀಲಿ, ಅಂದರೆ 1941ರ ಮಧ್ಯದಿಂದ ಈಚಿನದು. ಮ್ಯಾರಿಟೈಮ್ ಮೇಲ್ ಯಂತ್ರಮುದ್ರೆ, ಗೋರಿಕಲ್ಲಿನ ಆಕಾರದ ಸೆನ್ಸಾರ್. ಹಿಂಬದಿಯಲ್ಲಿ ಬಳ್ಳಾರಿಯ ಠಸ್ಸೆ, ಅದರಲ್ಲಿ ನವೆಂಬರ್ ಎಂದು ಓದಲು ಬರುತ್ತದೆ, ವರ್ಷದ ಕೊನೆಯ ಅಂಕಿ 3. ತಲುಪಿದ್ದು 1943ರ ನವೆಂಬರ್. ಹೊರಟದ್ದು ಯಾವಾಗ? ಇಟಲಿ ಯುದ್ಧಕ್ಕಿಳಿದ ಮೇಲೆ 1943ರವರೆಗೆ ಮೆಡಿಟರೇನಿಯನ್ ದಾರಿ ಬಹುಪಾಲು ಮುಚ್ಚಿತ್ತು, ಹಡಗುಗಳು ಆಫ್ರಿಕದ ತುದಿ ಸುತ್ತಿ ಬರಬೇಕಿತ್ತು. ಆ ವರ್ಷದ ಮೇ ನಂತರ ದಾರಿ ತೆರೆಯಿತು. ಈ ಕಾಗದ ಯಾವ ದಾರಿಯಲ್ಲಿ ಬಂತೆಂದು ಲಕೋಟೆ ಹೇಳುವುದಿಲ್ಲ. ಹಾಗಾಗಿ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ "ಬ್ರಿಟಿಷ್ ನೌಕಾ ಟಪಾಲು, ಹಡಗು ಗುರುತಿಲ್ಲ, ಬಳ್ಳಾರಿ ತಲುಪಿದ್ದು ನವೆಂಬರ್ 1943" ಎಂದಷ್ಟೇ ಬರೆದಿದ್ದೇನೆ. ಪೆನ್ನಿನಲ್ಲಿ ಬರೆದಿಲ್ಲ. ವಿಳಾಸದಲ್ಲಿರುವ ಮನೆತನದ ಯಾರಾದರೂ ಸಿಕ್ಕಿ, ಒಳಗಿದ್ದ ಕಾಗದ ಅವರ ಬಳಿ ಉಳಿದಿದ್ದರೆ, ಹಡಗಿನ ಹೆಸರಿಗೆ ಆ ಸಾಲಿನಲ್ಲಿ ಜಾಗ ಬಿಟ್ಟಿದ್ದೇನೆ.